ಬೆನ್ನುಗಲ್ಲು

ಹೊನ್ನಾವರದಿಂದ ತೆಂಕಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟು ಗೇರುಗುಡ್ಡದ ಇಳಿಜಾರಿನಲ್ಲಿ ಪಡುವಣಕ್ಕೆ ಇಳಿದರೆ ಕೋಡಿಮೂಲೆ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ಮರಳದಂಡೆ ಮುಗಿಯುವ ಕಡೆ ಕಪ್ಪು ಬಂಡೆಗಳ ಒಂದು ಸಾಲು ನೀರಿನೊಳಕ್ಕೆ ಚಾಚಿಕೊಂಡಿದೆ. ಸಾಲಿನ ಕೊನೆಯಲ್ಲಿ ಅಗಲವಾದ ಒಂದು ಬಂಡೆ. ಅದರ ನೆತ್ತಿಯ ಮೇಲೆ ಒಬ್ಬರು ಕೂರುವಷ್ಟು ತಗ್ಗು. ಎಷ್ಟೋ ತಲೆಮಾರು ಕೂತು ಕೂತು ಸವೆದ ತಗ್ಗು ಅದು, ಅಂಗೈಯಿಟ್ಟರೆ ಬೆಣ್ಣೆಯಂತೆ ಜಾರುತ್ತದೆ. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಬರುವವರು ಆ ಬಂಡೆ ಹತ್ತಿ, ಆ ತಗ್ಗಿನಲ್ಲಿ ಕೂತು, ತಬ್ಬಿಬ್ಬಾಗುತ್ತಾರೆ. ಅದು ಕಡಲಿಗೆ ಬೆನ್ನು ಮಾಡಿ ಸವೆದಿದೆ. ಅಲ್ಲಿ ಕೂತವರಿಗೆ ಕಾಣುವುದು ತೆಂಗಿನ ಸಾಲು, ಬೋರಲು ಹಾಕಿದ ದೋಣಿಗಳು, ಹೆಂಚಿನ ಮಾಡುಗಳಿಂದ ಏಳುವ ಹೊಗೆ, ಅದರಾಚೆ ನೀಲಿಯಾಗಿ ಗಟ್ಟದ ಗೆರೆ. ಸೂರ್ಯ ಬೇಕಾದವರು ಎದ್ದು ತಿರುಗಿ ನಿಲ್ಲಬೇಕು. ಬಂಡೆಯ ಹೆಸರು ಬೆನ್ನುಗಲ್ಲು. ದಂಡೆಯ ಕೇದಗೆ ಪೊದೆಯ ಹಿಂದಿರುವ ಜಟಕನ ಗುಡಿಯಲ್ಲಿ, ದೇವರ ಎಡಗಡೆಯ ಗೂಡಿನೊಳಗೆ, ತೆಂಗಿನ ನಾರಿನ, ಮೂರು ಮೊಳದ ಕತ್ತದ ಹಗ್ಗದ ತುಂಡೊಂದಿದೆ. ಅದಕ್ಕೂ ಈ ಕಲ್ಲಿಗೂ ಸಂಬಂಧವಿದೆ ಎನ್ನುತ್ತಾರೆ.

ಕೋಡಿಮೂಲೆಯವರು ಬಲೆಗಿಂತ ಹೆಚ್ಚಾಗಿ ಮುಳುಗನ್ನು ನಂಬಿದವರು. ಬಂಡೆಗೆ ಅಂಟಿ ಬೆಳೆಯುವ ಪಚ್ಚಿಲೆ ಚಿಪ್ಪನ್ನು ಉಳಿಯಿಂದ ಎಬ್ಬಿಸಿ ತರುವುದು ಅವರ ಕಸುಬು. ದೋಣಿ ಬೇಡ, ದಂಡೆಯಿಂದಲೇ ಇಳಿಯುತ್ತಾರೆ. ಹಾಗೆ ಇಳಿಯುವವರಿಗೆ ಕಡಲು ವರ್ಷವಿಡೀ ಒಂದೇ ಕಡಲಲ್ಲ. ಮಳೆಗಾಲದಲ್ಲಿ ಅದು ಯಾರ ಮಾತನ್ನೂ ಕೇಳುವುದಿಲ್ಲ. ನವರಾತ್ರಿಯವರೆಗೂ ಹೊಳೆಗಳು ತಂದು ಸುರಿದ ಕೆಂಪುನೀರು ದಂಡೆಯುದ್ದಕ್ಕೂ ನಿಂತಿರುತ್ತದೆ, ಮುಳುಗಿದವನಿಗೆ ತನ್ನ ಕೈ ತನಗೆ ಕಾಣದು. ದೀಪಾವಳಿ ಕಳೆದ ಮೇಲೆ ಬೆಳಗಿನ ಹೊತ್ತು ಗಟ್ಟದ ಗಾಳಿ ಬೀಸತೊಡಗುತ್ತದೆ. ಅದು ನೀರಿನ ಮೈಯನ್ನು ಹಿಂದಕ್ಕೆ ಸವರಿ ನುಣುಪು ಮಾಡುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಕೆಳಗಿನ ಮರಳಿನ ಮೇಲೆ ಬಿಸಿಲಿನ ಬಲೆ ಆಡುವುದು ಕಾಣುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಇಳಿತ ಬೆಳಗಿಗೇ ಬರುತ್ತದೆ, ಸೆಳೆತವೂ ಸಣ್ಣದು. ಆಗ ಇಳಿತ ಮುಗಿದು ಭರತ ಇನ್ನೂ ಹೊರಡದ ಒಂದು ನಡುಹೊತ್ತು ಇರುತ್ತದೆ. ಕಡಲು ಉಸಿರು ಹಿಡಿದು ಏನನ್ನೋ ನೆನಪಿಸಿಕೊಳ್ಳುವಂತೆ ಇರುತ್ತದೆ. ಮುಳುಗುವವರ ಬದುಕೆಲ್ಲ ಆ ನಡುಹೊತ್ತಿನೊಳಗೇ. ಹುಣ್ಣಿಮೆ ಅಮಾವಾಸ್ಯೆಗಳ ಇಳಿತ ಬೇರೆ. ಅದು ಮಧ್ಯಾಹ್ನವೆಲ್ಲ ಹರಿಯುತ್ತದೆ, ಬಂಡೆಗಳ ಸಂದಿಯಲ್ಲಿ ಹೊಳೆಯ ಹಾಗೆ ಓಡುತ್ತದೆ, ಸಿಕ್ಕಿದ್ದನ್ನು ಆಳಕ್ಕೆ ಒಯ್ಯುತ್ತದೆ. ಈ ವಿಷಯವೆಲ್ಲ ಇಂದು ಊರಿನ ಮಕ್ಕಳಿಗೂ ಗೊತ್ತು. ಆದರೆ ಅದನ್ನು ಕಣ್ಣಿನಿಂದ ತಿಳಿಯಬಾರದು, ಬೆನ್ನಿನಿಂದ ತಿಳಿಯಬೇಕು ಎಂಬ ಕಟ್ಟಳೆ ಹುಟ್ಟಿದ್ದು ಒಬ್ಬ ಹೆಂಗಸಿನಿಂದ.

ಹಿಂದೆ ಒಮ್ಮೆ, ಈ ದಂಡೆಯಲ್ಲಿ ಹೆಂಚು ಕಾಣದ ಕಾಲದಲ್ಲಿ, ಹೊನ್ನಿ ಎಂಬವಳು ಕೋಡಿಮೂಲೆಗೆ ಸೊಸೆಯಾಗಿ ಬಂದಳು. ಗಂಡನ ಹೆಸರು ಜಟ್ಟು. ಅವನಷ್ಟು ಹೊತ್ತು ಉಸಿರು ಹಿಡಿಯುವವರು ಆಗ ಯಾರೂ ಇರಲಿಲ್ಲವಂತೆ. ನೀರಿನಿಂದ ಎದ್ದಾಗಲೆಲ್ಲ ಅವನ ಮುಖದಲ್ಲಿ ಒಂದು ಸಣ್ಣ ನಗೆ ಇರುತ್ತಿತ್ತು, ಕೆಳಗೆ ಯಾರೋ ಒಳ್ಳೆಯ ಮಾತೊಂದನ್ನು ಹೇಳಿ ಕಳಿಸಿದಂತೆ. ಆ ಊರಿನಲ್ಲಿ ಗಂಡ ಮುಳುಗಿದರೆ ಹೆಂಡತಿ ಹಗ್ಗ ಹಿಡಿಯಬೇಕು. ಹಗ್ಗದ ಒಂದು ತುದಿಯನ್ನು ಅವನ ಸೊಂಟಕ್ಕೆ ಅವಳೇ ಕಟ್ಟುತ್ತಾಳೆ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಳ್ಳುತ್ತಾಳೆ. ಒಂದೊಂದು ಮನೆಗೂ ಅದರದೇ ಗಂಟು. ಅತ್ತೆ ಸೊಸೆಗೆ ಕಲಿಸುತ್ತಾಳೆ, ಬೇರೆಯವರಿಗೆ ತೋರಿಸುವುದಿಲ್ಲ. ಹೊನ್ನಿಗೆ ಅದನ್ನು ಕಲಿಸಿದವಳು ಅತ್ತೆ ಬೀರಮ್ಮ. ಮದುವೆಯಾದ ಮಳೆಗಾಲವಿಡೀ ಒಲೆಯ ಮುಂದೆ ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಒನಕೆಗೆ ಕಟ್ಟಿಸಿ ಬಿಚ್ಚಿಸಿ ಕಲಿಸಿದಳು. ಗಂಟು ಕಟ್ಟಿದವಳೇ ಬಿಚ್ಚಬೇಕು, ಮುಳುಗಿದವನು ತಾನಾಗಿ ಬಿಚ್ಚಿಕೊಳ್ಳಬಾರದು ಎಂಬುದು ರೂಢಿ. ಅವನು ದಂಡೆಗೆ ಬಂದು ಅವಳ ಮುಂದೆ ನಿಂತು, ಅವಳು ಗಂಟು ಬಿಚ್ಚಿದ ಮೇಲೆಯೇ ಅಂದಿನ ಮುಳುಗು ಮುಗಿದಂತೆ. ಅಲ್ಲಿಯವರೆಗೆ ಅವನು ಇನ್ನೂ ಕಡಲಿನವನೇ. ಇಳಿಯುವ ಮಾತೂ ಅವಳದೇ. ಬಂಡೆಯ ಮೇಲೆ ನಿಂತು ಕಡಲಿನ ಮುಖವನ್ನು ದಿಟ್ಟಿಸಿ ನೋಡಿ ಅವಳು 'ಇಳಿ' ಎಂದರೆ ಇಳಿಯಬೇಕು. 'ಸಾಕು ಮಾರಾಯ, ಮೇಲೆ ಬಾ' ಎಂದು ಹಗ್ಗ ಜಗ್ಗಿದರೆ ಎಷ್ಟೇ ಚಿಪ್ಪು ಕಂಡರೂ ಬಿಟ್ಟು ಬರಬೇಕು.

ಹೊನ್ನಿಗೆ ಏಳು ತಿಂಗಳಾಗಿದ್ದಾಗ ಹೋಳಿ ಹುಣ್ಣಿಮೆ ಬಂತು. ಆ ವರ್ಷ ಹತ್ತಿರದ ಬಂಡೆಗಳಲ್ಲಿ ಚಿಪ್ಪು ಸವೆದುಹೋಗಿತ್ತು. ದೊಡ್ಡ ಚಿಪ್ಪು ಇದ್ದದ್ದು ಕೊನೆಯ ಬಂಡೆಯ ಬುಡದಲ್ಲಿ, ಆಳಸಂದು ಎಂದು ಕರೆಯುತ್ತಿದ್ದ ಕೊರಕಲಿನಲ್ಲಿ. ಹುಣ್ಣಿಮೆಯ ದಿನ ಯಾರೂ ಅಲ್ಲಿಗೆ ಇಳಿಯುವುದಿಲ್ಲ ಎಂಬುದು ಅವಳಿಗೆ ತಿಳಿಯದ್ದಲ್ಲ. ಬಯಕೆಯ ಬಾಯಿಗೆ ಆ ದೊಡ್ಡ ಚಿಪ್ಪಿನ ಸುಕ್ಕೆ ಬೇಕೆನಿಸಿದ್ದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ; ಆದರೆ ಹಿಂದಿನ ದಿನ ಪಕ್ಕದ ಮನೆಯ ಒಲೆಯ ವಾಸನೆಗೆ ಅವಳು ಕೈಕೆಲಸ ನಿಲ್ಲಿಸಿ ನಿಂತದ್ದನ್ನು ಜಟ್ಟು ನೋಡಿದ್ದ. ಹೋಗಿ ನೋಡಿ ಬರೋಣ, ನೀನು ಬೇಡವೆಂದರೆ ಬೇಡ, ಎಂದನಂತೆ. ಇಬ್ಬರೂ ಬಂಡೆಯ ಕೊನೆಗೆ ಹೋದಾಗ ಹೊತ್ತು ನೆತ್ತಿಗೆ ಬಂದಿತ್ತು. ಬೆಳಗಿನ ಗಟ್ಟದ ಗಾಳಿ ಬೀಸಿ ಮುಗಿದಿತ್ತು, ಪಡುಗಾಳಿ ಇನ್ನೂ ಎದ್ದಿರಲಿಲ್ಲ. ಎರಡು ಗಾಳಿಗಳ ನಡುವಿನ ಆ ಹೊತ್ತಿನಲ್ಲಿ ಎಲೆಯೊಂದೂ ಅಲುಗುತ್ತಿರಲಿಲ್ಲ. ಕಡಲು ಹರಿವಾಣದಲ್ಲಿ ಸುರಿದಿಟ್ಟ ಎಣ್ಣೆಯ ಹಾಗೆ ಹೊಳೆಯುತ್ತಿತ್ತು. ಒಂದು ಗೆರೆ ಇಲ್ಲ, ಒಂದು ನೊರೆಯಿಲ್ಲ. ದೂರದಲ್ಲಿ ನೀರು ಯಾವುದು, ಆಕಾಶ ಯಾವುದು ಎಂದು ಹೇಳುವಂತಿರಲಿಲ್ಲ. ಹೊನ್ನಿ ನೋಡಿದಳು. ಅಷ್ಟು ಚೆಂದದ ಕಡಲನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಆ ಹೊಳಪಿನ ಅಡಿಯಲ್ಲಿ ಹುಣ್ಣಿಮೆಯ ಇಳಿತ ಆಗಲೇ ಓಡತೊಡಗಿತ್ತು ಎಂಬುದಾಗಲಿ, ಎಲ್ಲೋ ತೆಂಕಣದ ಬಿರುಗಾಳಿಯೊಂದು ಎಬ್ಬಿಸಿ ಕಳಿಸಿದ ತೆರೆ ಎಷ್ಟೋ ದಿನ ನಡೆದು ಅಂದೇ ಆ ದಂಡೆಗೆ ತಲುಪುವುದಿತ್ತು ಎಂಬುದಾಗಲಿ ನೋಟಕ್ಕೆ ಸಿಗುವ ಸಂಗತಿಗಳಾಗಿರಲಿಲ್ಲ. ಅವಳು ಗಂಟು ಕಟ್ಟಿದಳು. ಇಳಿ ಎಂದಳು.

ಅವನು ಎರಡು ಸಲ ಎದ್ದು ಬಂದು ಚಿಪ್ಪಿನ ಬುಟ್ಟಿ ಸುರಿದು ಹೋದ. ಮೂರನೆಯ ಸಲ ಇಳಿದಾಗ ಕಡಲು ಸದ್ದಿಲ್ಲದೆ ಮೈಯುಬ್ಬಿತು. ಒಡೆಯುವ ತೆರೆಯಲ್ಲ ಅದು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಇಡೀ ನೀರು ಎದ್ದು ಸಂದಿನೊಳಗೆ ತುಂಬಿ, ಮತ್ತೆ ಇಳಿತದ ಜೊತೆ ಸೇರಿಕೊಂಡು ಹೊರಗೆ ಓಡಿತು. ಹಗ್ಗ ಬಿಗಿಯಿತು. ಹೊನ್ನಿ ಕಾಲೂರಿ ಹಿಡಿದಳು. ಹಗ್ಗ ಅವಳನ್ನು ಎಳೆಯಿತು. ಕೂತಳು, ಕೂತವಳನ್ನೂ ಎಳೆಯಿತು. ಬಂಡೆಯ ಮೇಲಿನ ಚಿಪ್ಪಿನ ಮೊನೆಗಳು ಅವಳ ಮೀನಖಂಡವನ್ನು ಗೀರಿದವು. ಅವಳ ಹಿಮ್ಮಡಿ ಬಂಡೆಯ ಅಂಚು ದಾಟಿ ಗಾಳಿಯಲ್ಲಿತ್ತು. ಹೊಟ್ಟೆಯೊಳಗಿನ ಕೂಸು ಒಮ್ಮೆ ಜೋರಾಗಿ ಒದ್ದುಕೊಂಡಿತು. ಆಗ ಹಗ್ಗ ಸಡಿಲವಾಯಿತು. ಎಷ್ಟು ಥಟ್ಟನೆಂದರೆ ಅವಳು ಹಿಂದಕ್ಕೆ ಬಿದ್ದು ಆಕಾಶ ನೋಡುತ್ತ ಮಲಗಿದಳು. ಎದ್ದು ಎಳೆದುಕೊಂಡಾಗ ಹಗ್ಗ ಹಗುರವಾಗಿ, ಬಂಡೆಯ ಮೊನೆಗಳಿಗೆ ತಾಗಿ ತಾಗಿ, ಬರಿದಾಗಿ ಬಂತು. ತುದಿಯ ನಾರೆಲ್ಲ ಕೆದರಿತ್ತು. ಗಂಟು ಇರಲಿಲ್ಲ.

ಜಟ್ಟುವಿನ ಮೈ ಸಿಗಲಿಲ್ಲ. ಊರಿನವರು ಹಗ್ಗದ ತುದಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಯಾರೂ ಅವಳಿಗೆ ಎದುರಾಗಿ ಏನೂ ಹೇಳಲಿಲ್ಲ. ಆದರೆ ತುದಿಯಲ್ಲಿ ಗಂಟಿಲ್ಲದ ಹಗ್ಗಕ್ಕೆ ಆ ಊರಿನಲ್ಲಿ ಒಂದೇ ಅರ್ಥವಿತ್ತು. ಬೀರಮ್ಮ ಮಾತ್ರ ಹಗ್ಗವನ್ನು ಇಸಿದುಕೊಂಡು, ನಾನು ಕಲಿಸಿದ ಗಂಟು ಜಾರುವುದಿಲ್ಲ ಎಂದಳು. ಮಗನನ್ನು ಕಳೆದುಕೊಂಡ ಮುದುಕಿಯ ಮಾತು ಎಂದು ಎಲ್ಲರೂ ಸುಮ್ಮನಾದರು. ಮುಂದಿನ ಮಳೆಗಾಲ ದಾಟುವ ಮೊದಲೇ ಅವಳೂ ಹೋದಳು. ಹೊನ್ನಿಯ ಮನೆಗೆ 'ಗಂಟು ಜಾರಿದ ಮನೆ' ಎಂಬ ಹೆಸರು ಉಳಿಯಿತು. ತನ್ನ ಕೈ ಸರಿಯಾಗಿ ಕಟ್ಟಿತ್ತೇ, ಆ ಹೊಳಪನ್ನು ನೋಡುತ್ತ ನೋಡುತ್ತ ಕೊನೆಯ ಸುತ್ತನ್ನು ಬಿಟ್ಟುಬಿಟ್ಟಿತ್ತೇ ಎಂದು ಅವಳಿಗೂ ಹೇಳಲಾಗುತ್ತಿರಲಿಲ್ಲ. ಎಷ್ಟು ಸಲ ನೆನಪಿಸಿಕೊಂಡರೂ ಬೆರಳುಗಳು ನೆನಪಾಗುತ್ತಿರಲಿಲ್ಲ, ಕಡಲೇ ನೆನಪಾಗುತ್ತಿತ್ತು.

ಬಾಣಂತನ ಮುಗಿದ ಮೇಲೆ ಅವಳು ಕೂಸನ್ನು ಎತ್ತಿಕೊಂಡು ಆ ಬಂಡೆಯ ಮೇಲೆ ಬಂದು ಕೂತಳು. ಅದನ್ನು ಬಿಟ್ಟು ದೂರ ಇರಲು ಅವಳಿಗೆ ಆಗುತ್ತಿರಲಿಲ್ಲ, ಕಡಲನ್ನು ನೋಡಲೂ ಮನಸ್ಸಿರಲಿಲ್ಲ. ಹಾಗಾಗಿ ಬೆನ್ನು ಹಾಕಿ ಕೂತಳು. ದಿನವೂ ಬಂದಳು. ಬಲೆ ಹೆಣೆದಳು, ಕೂಸಿಗೆ ಹಾಲು ಕೊಟ್ಟಳು, ಹಗ್ಗ ಹೊಸೆದಳು, ಎಲ್ಲವೂ ಅತ್ತ ತಿರುಗದೆಯೇ. ಮುನಿಸಿಕೊಂಡವರ ಹಿಂದೆ ಮುನಿಸಿಗೆ ಕಾರಣನಾದವನು ಸುಳಿದಾಡುವ ಹಾಗೆ ಕಡಲು ಅವಳ ಬೆನ್ನ ಹಿಂದೆ ಸುಳಿದಾಡುತ್ತಿತ್ತಂತೆ. ಒಮ್ಮೆ ತಣ್ಣನೆಯ ಹನಿಯನ್ನು ಅವಳ ಹೆಗಲಿಗೆ ಚಿಮುಕಿಸುತ್ತಿತ್ತು, ಒಮ್ಮೆ ಬಂಡೆಯ ಅಡಿಯ ಪೊಳ್ಳಿನಲ್ಲಿ ಗುಟುಕರಿಸುತ್ತಿತ್ತು. ಅವಳು ಉತ್ತರ ಕೊಡಲಿಲ್ಲ, ಆದರೆ ಕೇಳಿಸಿಕೊಳ್ಳದೆ ಇರಲಾಗುತ್ತದೆಯೇ? ವರ್ಷಗಳು ಹೋದ ಹಾಗೆ ಅವಳ ಬೆನ್ನಿಗೆ ಅದರ ಮಾತು ಅರ್ಥವಾಗತೊಡಗಿತು. ಬೆಳಗಿನ ಗಟ್ಟದ ಗಾಳಿ ಒಲೆಯ ಹೊಗೆಯನ್ನೂ ಒಣಹುಲ್ಲಿನ ವಾಸನೆಯನ್ನೂ ತಂದು ಮುಖಕ್ಕೆ ತಾಗಿಸುವಾಗ ನೀರು ತಿಳಿಯಾಗಿರುತ್ತದೆ. ಹೆರಳಿನ ಕೆಳಗಿನ ಸಣ್ಣ ಕೂದಲು ಕತ್ತಿನ ಮೇಲೆ ಏಳತೊಡಗಿದರೆ ಪಡುಗಾಳಿ ಹೊರಟಿದೆ, ಇನ್ನು ಸ್ವಲ್ಪ ಹೊತ್ತಿಗೆ ತಳದ ಮರಳು ಕದಡುತ್ತದೆ. ಇಳಿತ ಓಡುವಾಗ ಬಂಡೆಯ ಪೊಳ್ಳು ಗುಟುಕು ಹಾಕುತ್ತದೆ, ಭರತ ಏರುವಾಗ ಸೀಟಿ ಹಾಕುತ್ತದೆ, ನೀರು ನಿಂತಾಗ ಎರಡೂ ಇಲ್ಲ. ಗಾಳಿಯಿಲ್ಲದ ದಿನವೂ ಕೂತ ಕಲ್ಲು ಎಡೆಬಿಟ್ಟು ಎಡೆಬಿಟ್ಟು ನಡುಗಿದರೆ ದೂರದ ತೆರೆ ದಾರಿಯಲ್ಲಿದೆ. ಆ ದಿನ ಕಡಲು ಬಲು ಚೆಂದ ಕಾಣುತ್ತದೆ.

ಇದನ್ನು ಮೊದಲು ಗಮನಿಸಿದವನು ಈರಪ್ಪ ಎಂಬ ಹಿರಿಯ ಮುಳುಗುಗಾರ. ಒಂದು ಬೆಳಿಗ್ಗೆ ಅವನು ಉಳಿ ಹಿಡಿದು ನೀರಿಗಿಳಿಯುವಾಗ ಹೊನ್ನಿ ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡು, ಯಾರನ್ನೂ ನೋಡದೆ, ಇವತ್ತು ಬೇಡ ಭಾವ ಎಂದಳು. ಅವನು ನಿಂತ. ಸ್ವಲ್ಪ ಹೊತ್ತಿಗೆ ಆಳಸಂದು ಬಾಯಿ ತುಂಬ ನೊರೆ ಕಕ್ಕಿತು. ಅಂದಿನಿಂದ ಅವನು ಅವಳನ್ನು ಕೇಳಿಯೇ ಇಳಿಯತೊಡಗಿದ, ಆಮೇಲೆ ಬೇರೆಯವರೂ. ಬರಬರುತ್ತ ಕೇಳುವುದೂ ನಿಂತಿತು. ಅವಳ ಸೆರಗು ಹೆಗಲ ಮೇಲಿದ್ದರೆ ಇಳಿಯುವುದು, ಕತ್ತಿಗೆ ಬಂದರೆ ಹತ್ತಿ ಬರುವುದು. ಆದರೆ ಹಗ್ಗದ ವಿಷಯದಲ್ಲಿ ಊರು ತನ್ನ ಮಾತು ಬಿಡಲಿಲ್ಲ. ಅವಳು ಹೆಣೆದ ಬಲೆ ಕೊಳ್ಳುತ್ತಿದ್ದರು, ಅವಳು ಹೊಸೆದ ಹಗ್ಗವನ್ನೂ ಕೊಳ್ಳುತ್ತಿದ್ದರು. ಅದಕ್ಕೆ ಗಂಟು ಮಾತ್ರ ತಾವೇ ಹಾಕಿಕೊಳ್ಳುತ್ತಿದ್ದರು.

ಮಗಳು ಮಂಕಾಳಿ ಬೆಳೆದು ಮದುವೆಯ ವಯಸ್ಸಿಗೆ ಬಂದಾಗ ಈ ಮಾತು ಚೂಪಾಯಿತು. ಮುಳುಗುವವರ ಮನೆಗೆ ಸೊಸೆ ಎಂದರೆ ಹಗ್ಗ ಹಿಡಿಯುವವಳು. ತಾಯಿಯಿಂದ ಅವಳು ಕಲಿತದ್ದು ಜಾರಿದ ಗಂಟು ಎಂದಾದರೆ ಅವಳನ್ನು ತಂದುಕೊಳ್ಳುವವರು ಯಾರು? ಬಂದ ನಂಟಸ್ತಿಕೆಗಳು ಅಂಗಳದಿಂದಲೇ ತಿರುಗಿದವು. ಕೊನೆಗೆ ಈರಪ್ಪನ ಹೆಂಡತಿ ದೇವಕ್ಕನೇ, ಮಗನಿಗೆ ಆ ಹುಡುಗಿ ಮನಸ್ಸಿಗೆ ಬಂದಿದ್ದಾಳೆಂದು ತಿಳಿದೂ, ಚಿಪ್ಪು ಆರಿಸುವ ಹೆಂಗಸರ ನಡುವೆ ಹೇಳಿದಳು:

"ಹುಡುಗಿ ಬಂಗಾರ, ಬೇಡ ಅಂಬೂಕೆ ನಂಗೆ ಬಾಯಿಲ್ಲೆ. ಹೆಣ್ಣು ತಂದುಕೊಂಬೆ, ಮಗನ್ನ ಎಲ್ಲಿಂದ ತರ್ಲಿ ಮಾರಾಯ್ತಿ?"

ಹೆಂಗಸರು ನಕ್ಕರು. ಮಂಕಾಳಿ ಅಲ್ಲೇ ಇದ್ದಳು, ಅವಳೂ ನಕ್ಕಳು. ಬುಟ್ಟಿ ಎತ್ತಿಕೊಂಡು ನೆಟ್ಟಗೆ ಬಂಡೆಯ ಕೊನೆಗೆ ನಡೆದು ತಾಯಿಯ ಎದುರು ನಿಂತಳು. ನಾಳೆ ಅಷ್ಟಮಿ, ನಾನು ಆಳಸಂದಿಗೆ ಇಳಿಯುತ್ತೇನೆ, ನೀನು ಕಟ್ಟಬೇಕು, ಎಂದಳು. ಹೆಂಗಸರು ಮುಳುಗುವ ರೂಢಿ ಆ ಊರಿನಲ್ಲಿರಲಿಲ್ಲ. ಆಳಸಂದಿಗಂತೂ ಜಟ್ಟು ಹೋದ ಮೇಲೆ ಯಾರೂ ಇಳಿದಿರಲಿಲ್ಲ. ಹೊನ್ನಿ ಹೊಸೆಯುತ್ತಿದ್ದ ಹಗ್ಗವನ್ನು ಮಡಿಲಿಗಿಟ್ಟಳು.

"ನನ್ನ ಕೈ ಮೇಲೆ ನಂಗೇ ನೆಚ್ಚಿಗೆ ಇಲ್ಲೆ, ಮಗಾ."

"ನಂಗೆ ಇದ್ದು, ಆಯಿ. ಅಜ್ಜಿಗೂ ಇದ್ದಿತ್ತಡ. ಇಬ್ರು ಸಾಕು."

ಅದು ಮಾಘಮಾಸ. ಆ ವರ್ಷ ಮಳೆ ಬೇಗ ಬೆನ್ನು ತಿರುಗಿಸಿದ್ದರಿಂದ ಹೊಳೆಗಳು ಎಂದೋ ತೆಳುವಾಗಿದ್ದವು, ನೀರು ತಿಳಿಯಾಗಿತ್ತು. ಬೆಳಿಗ್ಗೆ ಊರು ದಂಡೆಯ ಮೇಲೆ ಸೇರಿತು. ಬರಬೇಡಿರೆಂದು ಹೇಳಿದವರಿಲ್ಲ, ಬನ್ನಿರೆಂದೂ ಕರೆದವರಿಲ್ಲ. ಹೊನ್ನಿ ಮಗಳ ಸೊಂಟಕ್ಕೆ ಹಗ್ಗ ಸುತ್ತಿ ಕಣ್ಣು ಮುಚ್ಚಿಕೊಂಡು ಗಂಟು ಕಟ್ಟಿದಳು. ಒಲೆಯ ಮುಂದಿನ ಆ ಮಳೆಗಾಲ ಬೆರಳುಗಳಿಗೆ ಬಂತು. ಇನ್ನೊಂದು ತುದಿಯನ್ನು ತನಗೆ ಸುತ್ತಿಕೊಂಡು, ಹಗ್ಗವನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟು, ಎಂದಿನಂತೆ ನೆಲದ ಕಡೆ ಮುಖ ಮಾಡಿ ಕೂತಳು. ಹಗ್ಗ ಹಿಡಿಯುವವಳು ಕಡಲನ್ನು ನೋಡುತ್ತಿಲ್ಲವಲ್ಲ ಎಂದು ಯಾರೋ ಗೊಣಗಿದರು. ಈರಪ್ಪ ಅವರನ್ನು ಕಣ್ಣಲ್ಲೇ ಸುಮ್ಮನಾಗಿಸಿದ. ಗಟ್ಟದ ಗಾಳಿ ಹೊನ್ನಿಯ ಮುಖದ ಮೇಲಿತ್ತು. ಬಂಡೆಯ ಪೊಳ್ಳು ಗುಟುಕು ಹಾಕುತ್ತಿತ್ತು. ಗುಟುಕು ನಿಧಾನವಾಯಿತು, ಸಣ್ಣದಾಯಿತು. ಒಂದು ಗುಟುಕಿನ ನಂತರ ಇನ್ನೊಂದು ಬರಲಿಲ್ಲ. ಅವಳು ಇಳಿ ಎಂದಳು.

ಮಂಕಾಳಿ ಆ ಸಂದಿನೊಳಗೆ ಕಂಡದ್ದನ್ನು ಸಾಯುವವರೆಗೂ ಹೇಳುತ್ತಿದ್ದಳಂತೆ. ನೀರು ಅಲುಗುತ್ತಿರಲಿಲ್ಲ. ಬೆಳಕು ಮೇಲಿನಿಂದ ಕಂಬಗಳ ಹಾಗೆ ಇಳಿದು ನಿಂತಿತ್ತು, ಅವುಗಳ ನಡುವೆ ಸಣ್ಣ ಮೀನುಗಳು ಗುಡಿಯ ಪೌಳಿಯಲ್ಲಿ ಸುತ್ತು ಬರುವವರಂತೆ ತಿರುಗುತ್ತಿದ್ದವು. ಎರಡೂ ಗೋಡೆಗಳ ಮೇಲೆ ಯಾರೂ ಮುಟ್ಟದ ಚಿಪ್ಪು ಗೊಂಚಲು ಗೊಂಚಲಾಗಿ ಬೆಳೆದಿತ್ತು. ಅವಳು ಒಂದು ದೊಡ್ಡ ಗೊಂಚಲಿಗೆ ಉಳಿ ಹಾಕಿದಳು. ಉಳಿಗೆ ಕಬ್ಬಿಣ ತಾಗಿತು. ಚಿಪ್ಪುಗಳನ್ನು ಕೈಯಿಂದ ಕಿತ್ತಾಗ ಅಡಿಯಲ್ಲಿ ಬಿರುಕಿನೊಳಕ್ಕೆ ಬುಡಮಟ್ಟ ಹೊಡೆದ ಇನ್ನೊಂದು ಉಳಿ ಇತ್ತು. ಗೂಟಕ್ಕೆ ಹಗ್ಗ ತೂಗುಹಾಕುವಂತೆ ಅದಕ್ಕೊಂದು ಕತ್ತದ ಬಳೆ ಸಿಕ್ಕಿಕೊಂಡಿತ್ತು. ಅವಳು ಅದನ್ನು ಬಿಡಿಸಿಕೊಂಡು, ಚಿಪ್ಪಿನ ಬುಟ್ಟಿಯನ್ನು ಅಲ್ಲೇ ಬಿಟ್ಟು, ಮೇಲೆದ್ದಳು.

ಬಂಡೆ ಹತ್ತಿ ತಾಯಿಯ ಎದುರು ಬಂದು ನಿಂತವಳು ಅದನ್ನು ಅವಳ ಮಡಿಲಿಗೆ ಹಾಕಿದಳು. ಉಪ್ಪುನೀರಿನಲ್ಲಿ ನೆನೆದ ಕತ್ತ ಕಪ್ಪಾಗಿ ಮೂಳೆಯಂತೆ ಗಟ್ಟಿಯಾಗಿತ್ತು. ಸೊಂಟದಳತೆಯ ಒಂದು ಸುತ್ತು, ಆ ಸುತ್ತಿಗೆ ಒಂದು ಗಂಟು. ಹೊನ್ನಿಯ ಬೆರಳು ಗಂಟಿನ ಮೇಲೆ ನಡೆಯಿತು. ಒಂದು ಎಳೆಯನ್ನೂ ಬಿಡದೆ ನಡೆಯಿತು. ಕೊನೆಯ ಸುತ್ತು ಇದ್ದಲ್ಲೇ ಇತ್ತು. ಗಂಟಿನಿಂದ ಹೊರಟ ಹಗ್ಗ ಗೇಣುದ್ದಕ್ಕೆ ನಿಂತಿತ್ತು. ಆ ತುದಿ ಓರೆಯಾಗಿ, ನುಣ್ಣಗೆ, ಉಳಿಯ ಬಾಯಿಂದ ಕತ್ತರಿಸಿದಂತಿತ್ತು. ಹಗ್ಗ ಬಿಗಿದು ಅವಳನ್ನು ಬಂಡೆಯ ಅಂಚಿಗೆ ಎಳೆದೊಯ್ದಿದ್ದ ಆ ಗಳಿಗೆಯಲ್ಲಿ ಆ ಬಿಗಿತ ಜಟ್ಟುವಿಗೂ ತಿಳಿದಿತ್ತು. ಇನ್ನೊಂದು ತುದಿಯಲ್ಲಿ ಇಬ್ಬರಿದ್ದಾರೆ ಎಂಬುದೂ ತಿಳಿದಿತ್ತು. ಕತ್ತರಿಸಿದ ಮೇಲೆ ಆ ಬಳೆ ಉಳಿಗೆ ಹೇಗೆ ಸಿಕ್ಕಿಕೊಂಡಿತು ಎಂಬುದನ್ನು ಎರಡು ಬಗೆಯಾಗಿ ಹೇಳುತ್ತಾರೆ. ಕಡಲೇ ಒಯ್ದು ಹಾಕಿತು ಎನ್ನುತ್ತಾರೆ ಕೆಲವರು. ಊರು ಅವಳ ಗಂಟಿನ ಬಗ್ಗೆ ಏನೆನ್ನುವುದೆಂದು ಬಲ್ಲ ಜಟ್ಟು, ಉಸಿರಿದ್ದಷ್ಟು ಹೊತ್ತಿನಲ್ಲಿ ಗಂಟು ಬಿಚ್ಚದೆ ಅದನ್ನು ಸೊಂಟದಿಂದ ಜಾರಿಸಿ, ಉಳಿಯನ್ನು ಬಂಡೆಗೆ ಹೊಡೆದು, ಸಿಗುವ ಹಾಗೆ ತೂಗುಹಾಕಿ ಹೋದ ಎನ್ನುತ್ತಾರೆ ಹೆಂಗಸರು.

ದೇವಕ್ಕ ಮುಂದೆ ಬಂದು ಗಂಟನ್ನು ನೋಡಿ, ಕೈ ಚಾಚಿ, ಮುಟ್ಟದೆ ಕೈ ಹಿಂದೆಗೆದಳು. ಹೊನ್ನಿ ಮೊದಲು ಮಗಳ ಸೊಂಟದ ಗಂಟು ಬಿಚ್ಚಿದಳು. ಆಮೇಲೆ ಮಡಿಲಿನದನ್ನು ಎತ್ತಿಕೊಂಡಳು. ಅದು ಸುಲಭಕ್ಕೆ ಬಿಚ್ಚಲಿಲ್ಲ. ಬಲೆ ಹೆಣೆಯುವ ಮೊಳೆ ಹಾಕಿದಳು, ಹಲ್ಲು ಹಾಕಿದಳು, ಎಂಜಲಿನಿಂದ ನೆನೆಸಿದಳು. ಈರಪ್ಪನ ಮಗ ಸಹಾಯಕ್ಕೆ ಬಗ್ಗಿದಾಗ ದೇವಕ್ಕ ಅವನ ತೋಳು ಹಿಡಿದು ನಿಲ್ಲಿಸಿ, ಕಟ್ಟಿದವಳೇ ಬಿಚ್ಚಲಿ ಬಿಡು ಎಂದಳು. ಭರತ ಹೊರಟಿತು, ಬಂಡೆಯ ಪೊಳ್ಳಿನಲ್ಲಿ ಸೀಟಿ ಹುಟ್ಟಿತು. ಕೊನೆಗೆ ಒಂದು ಸುತ್ತು ಸಡಿಲವಾಯಿತು, ಆಮೇಲೆ ಇನ್ನೊಂದು. ಗಂಟು ಹೋಗಿ ಹಗ್ಗ ಮೂರು ಮೊಳದ ತುಂಡಾಗಿ ಅವಳ ಅಂಗೈಯಲ್ಲಿ ಬಿದ್ದುಕೊಂಡಿತು. ಆಗ ಹೊನ್ನಿ, ಮಗಳು ಹುಟ್ಟುವುದಕ್ಕೆ ಮೊದಲಿನಿಂದ ನೋಡದಿದ್ದ ಕಡಲಿನ ಕಡೆಗೆ, ಕೂತಲ್ಲೇ ತಿರುಗಿದಳು.

"ಸಾಕು ಮಾರಾಯ," ಎಂದಳು. "ಮೇಲೆ ಬಾ."

ಆ ವರ್ಷವೇ ಮಂಕಾಳಿ ದೇವಕ್ಕನ ಮನೆಗೆ ಸೊಸೆಯಾಗಿ ಹೋದಳು. ಹೋಗುವಾಗ ಮನೆಯ ಗಂಟನ್ನು ಕೊಂಡೊಯ್ದಳು. ಇಂದು ಕೋಡಿಮೂಲೆಯ ಎಲ್ಲ ಮನೆಗಳಲ್ಲೂ ಅದೊಂದೇ ಗಂಟು. ಅದಕ್ಕಿರುವ ಹೆಸರು ಹೊನ್ನಿಯದಲ್ಲ, ಬೀರಮ್ಮನದು. ಹೊನ್ನಿ ಆಮೇಲೂ ಬಂಡೆಯ ಮೇಲೆ ಬೆನ್ನು ಹಾಕಿಯೇ ಕೂರುತ್ತಿದ್ದಳು, ಮುನಿಸಿಗಾಗಿ ಅಲ್ಲ, ಮುಳುಗುವವರಿಗಾಗಿ. ಅಂದಿನ ಮುಳುಗು ಮುಗಿದು ಎಲ್ಲರ ಗಂಟೂ ಬಿಚ್ಚಿದ ಮೇಲೆ ಮಾತ್ರ ಒಮ್ಮೆ ತಿರುಗಿ ನೋಡಿ ಮನೆಗೆ ಹೋಗುತ್ತಿದ್ದಳು ಎನ್ನುತ್ತಾರೆ.

ಈಗ ಅಲ್ಲಿಗೆ ಹೋದವರು ದಂಡೆಯ ಮೇಲೆ ಬಣ್ಣದ ಹಲಗೆಯೊಂದನ್ನೂ ನೋಡಬಹುದು. ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಬಂದವರನ್ನು ನೀರಿನಡಿ ಸುತ್ತಾಡಿಸುವ ಊರಿನ ಹುಡುಗರು ಅಂದಂದಿನ ಭರತ ಇಳಿತ, ಗಾಳಿ, ತೆರೆಯ ಎತ್ತರಗಳನ್ನು ಸೀಮೆಸುಣ್ಣದಲ್ಲಿ ಅದರ ಮೇಲೆ ಬರೆದಿಡುತ್ತಾರೆ. ಬರೆದಾದ ಮೇಲೆ ಅವರಲ್ಲೊಬ್ಬ ಬಂಡೆಗಳ ಸಾಲಿನ ಮೇಲೆ ಕೊನೆಯವರೆಗೂ ನಡೆದು, ಬೆನ್ನುಗಲ್ಲಿನ ತಗ್ಗಿನಲ್ಲಿ ಸ್ವಲ್ಪ ಹೊತ್ತು ಕೂತು, ಮರಳಿ ಬಂದು ಕೆಲವೊಮ್ಮೆ ಬರೆದದ್ದನ್ನು ಒರೆಸಿಬಿಡುತ್ತಾನೆ. ಹಾಗೆ ಒರೆಸಿದ ದಿನ ಕಡಲು ಕನ್ನಡಿಯಂತಿರುತ್ತದೆ, ದೂರದಿಂದ ಬಂದವರು ಮುಳುಗು ತಪ್ಪಿತೆಂದು ಬೇಸರಪಡುತ್ತಾರೆ. ಮಾಘದ ಅಷ್ಟಮಿಯ ಬೆಳಿಗ್ಗೆ ಹೋದವರಿಗೆ ಚಿಪ್ಪು ತೆಗೆಯುವವರೂ ಕಾಣುತ್ತಾರೆ: ಹಗ್ಗ ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟು, ಊರಿನ ಹೊಗೆಯ ಕಡೆ ಮುಖ ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತ ಹೆಂಗಸರು. ನೀರಿನಿಂದ ಎದ್ದ ಗಂಡಸು ಚಳಿಗೆ ನಡುಗುತ್ತಿದ್ದರೂ ತಾನಾಗಿ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಅವಳ ಎದುರು ಬಂದು ಸುಮ್ಮನೆ ನಿಲ್ಲುತ್ತಾನೆ. ಅವಳು ಬಿಚ್ಚುತ್ತಾಳೆ, ತಿರುಗಿ ಕಡಲನ್ನು ಒಮ್ಮೆ ನೋಡುತ್ತಾಳೆ.